ಕೆಟ್ಟಿದ್ದು ಆಕೆಯ ಜೀನಲ್ಲ

ಹೀಲಾ ಕೋಶಗಳ ಬಗ್ಗೆ ಓದಿದವರಿಗೆ ಹೆನ್ರಿಯೆಟಾ ಲ್ಯಾಕ್ಸ್ ಅವರ ಹೆಸರು ಗೊತ್ತಿರುತ್ತದೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1951ರ ಫೆಬ್ರವರಿಯಲ್ಲಿ ಅವರ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಗಡ್ಡೆಯಿಂದ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಅವರ ಒಪ್ಪಿಗೆ ಕೇಳಲಿಲ್ಲ. ಐದು ಮಕ್ಕಳ ಆ ತಾಯಿ ಅದೇ ವರ್ಷ ಅಕ್ಟೋಬರ್ 4ರಂದು ತೀರಿಕೊಂಡರು. ಆಗ ಅವರಿಗೆ 31 ವರ್ಷ. ಜಾರ್ಜ್ ಗೈ ಅವರ ಲ್ಯಾಬಿನಲ್ಲಿ ಆ ಚೂರಿನ ಕೋಶಗಳು, ಅಂದರೆ ಹೀಲಾ ಕೋಶಗಳು, ಮಾತ್ರ ಬೆಳೆಯುತ್ತಲೇ ಹೋದವು. ಇವತ್ತಿಗೂ ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಬೆಳೆಯುತ್ತಿವೆ.

ಈ ಕಥೆ ಹೇಳುವಾಗ ಒಂದು ಸಂಗತಿ ಹಿಂದೆ ಬಿದ್ದುಬಿಡುತ್ತದೆ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ನಮ್ಮ ಕೋಶಗಳಲ್ಲಿ ಗಡ್ಡೆ ಬೆಳೆಯದ ಹಾಗೆ ತಡೆಯುವ ಜೀನುಗಳಿವೆ. ಅವುಗಳಲ್ಲಿ ಹೆಸರಾಂತವು ಎರಡು: ಪಿ53 ಮತ್ತು ಆರ್‌ಬಿ. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಪಿ53 ಜೀನು ಕೆಟ್ಟಿರುತ್ತದೆ. ಎಪ್ಪತ್ತು ವರ್ಷ ದಾಟಿದರೂ ನಿಲ್ಲದೆ ಬೆಳೆಯುತ್ತಿರುವ ಹೀಲಾ ಕೋಶದಲ್ಲಿ ಈ ಎರಡೂ ಜೀನುಗಳು ಚಿಂದಿಯಾಗಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಹಾಗಿಲ್ಲ. ಎರಡೂ ಸರಿಯಾಗಿವೆ. ಹೆನ್ರಿಯೆಟಾ ಅವರಿಗೆ ಅಪ್ಪ-ಅಮ್ಮನಿಂದ ಬಂದ ಪಿ53 ಇವತ್ತಿಗೂ ಆ ಕೋಶಗಳಲ್ಲಿ ನೆಟ್ಟಗೇ ಇದೆ. ಅದರಿಂದ ಪ್ರೋಟೀನು ಕೂಡ ತಯಾರಾಗುತ್ತಿದೆ. ತಯಾರಾದ ಸ್ವಲ್ಪ ಹೊತ್ತಿಗೆಲ್ಲ ಒಂದು ವೈರಸ್ಸಿನ ಪ್ರೋಟೀನು ಅದನ್ನು ಇಲ್ಲವಾಗಿಸುತ್ತಿದೆ. ಅವತ್ತೂ ಹಾಗೇ, ಇವತ್ತೂ ಹಾಗೇ.

ನಾನು ಆಸ್ಪತ್ರೆಯೊಂದರ ಬಯಾಪ್ಸಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೇಣದ ಬ್ಲಾಕುಗಳನ್ನು ಮೈಕ್ರೋಟೋಮಿನಲ್ಲಿ ತೆಳ್ಳಗೆ ಕತ್ತರಿಸಿ, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸ್ಲೈಡಿನ ಮೇಲೆ ಎತ್ತಿಕೊಂಡು, ಬಣ್ಣ ಹಾಕಿ ಡಾಕ್ಟರ ಮೇಜಿಗೆ ಕಳಿಸುವುದು ನನ್ನ ಕೆಲಸ. ಗರ್ಭಕೋಶದ ಬಾಯಿಯ ಚೂರುಗಳು ನಮ್ಮಲ್ಲಿಗೆ ತುಂಬಾ ಬರುತ್ತವೆ. ಫಾರ್ಮಿನಲ್ಲಿ ವಯಸ್ಸು ಬರೆದಿರುತ್ತಾರೆ, 42, 50, 55. ಕೆಳಗೆ ಎರಡು ಸಾಲು: ಬಿಳಿ ಸೆರಗು, ಮುಟ್ಟು ನಿಂತ ಮೇಲೂ ರಕ್ತ. ಈ ಹೆಂಗಸರ ಕೋಶದ ಒಳಗೆ ಏನಾಗಿದೆ ಎಂದು ತಿಳಿದುಕೊಳ್ಳಬೇಕು ಅನಿಸಿ ಓದಲು ಶುರು ಮಾಡಿದೆ. ಓದಿದ್ದನ್ನು ನನ್ನ ಭಾಷೆಯಲ್ಲಿ ಬರೆದಿಡಬೇಕು ಅನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಎರಡು ಪ್ರೋಟೀನುಗಳ ಕೆಲಸ ಏನು ನೋಡೋಣ.

ಒಂದು ಕೋಶ ಎರಡಾಗಬೇಕಾದರೆ ತನ್ನ ಡಿಎನ್ಎ ಪೂರ್ತಿ ನಕಲು ಮಾಡಿಕೊಳ್ಳಬೇಕು. ಆ ಕೆಲಸ ಶುರು ಮಾಡಿಸುವ ಒಂದು ಗುಂಪು ಪ್ರೋಟೀನುಗಳಿವೆ, ಇ2ಎಫ್ ಅಂತ. ಆರ್‌ಬಿ ಈ ಇ2ಎಫ್ ಅನ್ನು ಹಿಡಿದುಕೊಂಡಿರುತ್ತದೆ. ಬೆಳೆಯಬೇಕು ಎಂಬ ಸರಿಯಾದ ಸಂದೇಶ ಬಂದಾಗ ಮಾತ್ರ ಬಿಡುತ್ತದೆ. ಆರ್‌ಬಿ ನಮಗೆ ಗೊತ್ತಾಗಿದ್ದು ಮಕ್ಕಳ ಕಣ್ಣಿನ ಕ್ಯಾನ್ಸರಿನಿಂದ. ಆಲ್ಫ್ರೆಡ್ ನಡ್ಸನ್ 1971ರಲ್ಲಿ ಆ ಮಕ್ಕಳ ಲೆಕ್ಕ ಹಾಕಿ, ಒಂದೇ ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಈ ಗಡ್ಡೆ ಬರುತ್ತದೆ ಎಂದು ಊಹಿಸಿದರು. 1986ರಲ್ಲಿ ಜೀನು ಕೈಗೆ ಸಿಕ್ಕಿತು. ಊಹೆ ನಿಜವಾಗಿತ್ತು.

ಪಿ53ರ ಕೆಲಸ ಬೇರೆ. ಡಿಎನ್ಎಗೆ ಪೆಟ್ಟು ಬಿದ್ದಾಗ, ಅಥವಾ ಕೋಶ ಹೊತ್ತಲ್ಲದ ಹೊತ್ತಲ್ಲಿ ನಕಲು ಶುರು ಮಾಡಿದಾಗ, ಪಿ53 ಎದ್ದು ನಿಲ್ಲುತ್ತದೆ. ಕೋಶ ಎರಡಾಗುವುದನ್ನು ತಡೆಯುವ ಜೀನುಗಳನ್ನು ಚಾಲೂ ಮಾಡುತ್ತದೆ. ರಿಪೇರಿ ಆಗದಷ್ಟು ಕೆಟ್ಟಿದ್ದರೆ ಕೋಶವನ್ನೇ ಸಾಯಿಸುತ್ತದೆ. ಸುಮ್ನೆ ಇರುವ ಕೋಶದಲ್ಲಿ ಪಿ53 ಬಹಳ ಕಡಿಮೆ. ತಯಾರಾದ ಕೆಲವೇ ನಿಮಿಷಗಳಲ್ಲಿ ಎಂಡಿಎಂ2 ಎಂಬ ನಮ್ಮದೇ ಪ್ರೋಟೀನು ಅದನ್ನು ಒಡೆಯಲು ಕಳಿಸುತ್ತಿರುತ್ತದೆ. ಪೆಟ್ಟು ಬಿದ್ದಾಗ ಎಂಡಿಎಂ2ರ ಹಿಡಿತ ಸಡಿಲವಾಗುತ್ತದೆ, ಪಿ53 ಏರುತ್ತದೆ. ಬೇಕಾದಾಗ ಮಾತ್ರ ಏರುವ ಈ ಏರ್ಪಾಡು ನೆನಪಿಟ್ಟುಕೊಳ್ಳಿ. ವೈರಸ್ಸು ಕೈ ಹಾಕುವುದು ಇಲ್ಲೇ.

ಪಿ53 ಎಂಬುದೊಂದು ಇದೆ ಅಂತ ನಮಗೆ ಹೇಳಿಕೊಟ್ಟಿದ್ದೇ ವೈರಸ್ಸುಗಳು. 1970ರ ದಶಕದಲ್ಲಿ ಎಸ್‌ವಿ40 ಎಂಬ ಮಂಗಗಳ ವೈರಸ್ಸನ್ನು ಹಲವರು ಅಭ್ಯಾಸ ಮಾಡುತ್ತಿದ್ದರು. ಇಲಿ ಜಾತಿಯ ಪ್ರಾಣಿಗಳಿಗೆ ಚುಚ್ಚಿದರೆ ಗಡ್ಡೆ ಬರಿಸುವ ವೈರಸ್ಸು ಅದು. ಅದರ ದೊಡ್ಡ ಟಿ ಆಂಟಿಜನ್ ಎಂಬ ಪ್ರೋಟೀನನ್ನು ಆಂಟಿಬಾಡಿಯಿಂದ ಹಿಡಿದು ಎಳೆದು, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಗೆರೆಗಳಾಗಿ ಬೇರೆ ಮಾಡುವ ಜೆಲ್ ಮೇಲೆ ಓಡಿಸಿದರೆ, ಅದರ ಜೊತೆಗೆ ಯಾವಾಗಲೂ ಇನ್ನೊಂದು ಗೆರೆ ಕಾಣುತ್ತಿತ್ತು. ಅದು ವೈರಸ್ಸಿನದಲ್ಲ, ಕೋಶದ್ದೇ ಪ್ರೋಟೀನು. ಟಿ ಆಂಟಿಜನ್ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. 1979ರಲ್ಲಿ ಲಂಡನ್ನಿನ ಡೇವಿಡ್ ಲೇನ್ ಮತ್ತು ಲಯೊನೆಲ್ ಕ್ರಾಫರ್ಡ್, ಪ್ರಿನ್ಸ್ಟನ್‌ನ ಡೇನಿಯಲ್ ಲಿಂಜರ್ ಮತ್ತು ಆರ್ನಾಲ್ಡ್ ಲೆವಿನ್, ಇನ್ನೂ ಒಂದೆರಡು ಗುಂಪುಗಳು ಹೆಚ್ಚುಕಡಿಮೆ ಒಟ್ಟಿಗೇ ಇದನ್ನು ವರದಿ ಮಾಡಿದವು.

ಆಮೇಲಿನ ಹತ್ತು ವರ್ಷ ವಿಜ್ಞಾನಿಗಳು ಪಿ53 ಅನ್ನು ತಲೆಕೆಳಗಾಗಿ ಓದಿದರು. ಗಡ್ಡೆಗಳಲ್ಲಿ ಜಾಸ್ತಿ ಕಾಣುತ್ತದೆ, ಇಲಿಯ ಕೋಶಗಳಿಗೆ ಹಾಕಿದರೆ ಅವು ಹುಚ್ಚೆದ್ದು ಬೆಳೆಯುತ್ತವೆ, ಅಂದ ಮೇಲೆ ಇದು ಕ್ಯಾನ್ಸರ್ ತರುವ ಜೀನೇ ಇರಬೇಕು ಅಂದುಕೊಂಡರು. ಅವರು ಪ್ರಯೋಗಕ್ಕೆ ಬಳಸುತ್ತಿದ್ದ ಜೀನಿನ ಪ್ರತಿಗಳನ್ನು ಗಡ್ಡೆಯ ಕೋಶಗಳಿಂದಲೇ ತೆಗೆದಿದ್ದರು. ಅವು ಮೊದಲೇ ಕೆಟ್ಟ ಪ್ರತಿಗಳು! ಆರೋಗ್ಯವಂತ ಜೀನನ್ನು ಯಾರೂ ಸರಿಯಾಗಿ ಪರೀಕ್ಷಿಸಿರಲೇ ಇಲ್ಲ. 1989ರಲ್ಲಿ ಲೆವಿನ್ ಅವರ ಲ್ಯಾಬು ಒಂದು ಕಡೆಯಿಂದ, ಬರ್ಟ್ ವೋಗಲ್‌ಸ್ಟೈನ್ ಅವರ ಲ್ಯಾಬು ಇನ್ನೊಂದು ಕಡೆಯಿಂದ ಇದನ್ನು ಸರಿಮಾಡಿದವು. ಪಿ53 ಗಡ್ಡೆ ತರುವುದಲ್ಲ, ತಡೆಯುವುದು. ವೋಗಲ್‌ಸ್ಟೈನ್ ಕೆಲಸ ಮಾಡುತ್ತಿದ್ದದ್ದು ಜಾನ್ಸ್ ಹಾಪ್ಕಿನ್ಸಿನಲ್ಲೇ. ಹೆನ್ರಿಯೆಟಾ ಅವರ ಚೂರು ತೆಗೆದು ಆಗ 38 ವರ್ಷವಾಗಿತ್ತು.

ಇದೇ ಹೊತ್ತಿನಲ್ಲಿ ಆರ್‌ಬಿಯ ಕಥೆಯೂ ಬಿಚ್ಚಿಕೊಂಡಿತು. 1988ರಲ್ಲಿ ಎಡ್ ಹಾರ್ಲೊ ಅವರ ಗುಂಪು, ನೆಗಡಿ ತರುವ ಜಾತಿಯ ಅಡಿನೋವೈರಸ್ಸಿನ ಇ1ಎ ಪ್ರೋಟೀನು ಆರ್‌ಬಿಯನ್ನು ಹಿಡಿಯುತ್ತದೆ ಎಂದು ತೋರಿಸಿತು. ಅದೇ ವರ್ಷ ಡೇವಿಡ್ ಲಿವಿಂಗ್‌ಸ್ಟನ್ ಅವರ ಗುಂಪು ಎಸ್‌ವಿ40ರ ಟಿ ಆಂಟಿಜನ್ ಕೂಡ ಅದನ್ನೇ ಹಿಡಿಯುತ್ತದೆ ಎಂದಿತು. ಮರುವರ್ಷ ಮೂರನೆಯ ಹೆಸರು ಸೇರಿತು, ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಇ7. ಎಚ್‌ಪಿವಿ ಅಂತೀವಲ್ಲ, ಅದು. ಮೂರು ಬೇರೆ ಬೇರೆ ಕುಟುಂಬದ ವೈರಸ್ಸುಗಳು. ಮೂರರ ಪ್ರೋಟೀನುಗಳಲ್ಲೂ ಒಂದು ಪುಟ್ಟ ತುಣುಕು ಒಂದೇ ಥರ ಇದೆ: ಲ್ಯೂಸಿನ್, ಮಧ್ಯೆ ಯಾವುದಾದರೂ ಒಂದು, ಸಿಸ್ಟೀನ್, ಮತ್ತೆ ಯಾವುದಾದರೂ ಒಂದು, ಗ್ಲುಟಮೇಟ್. ಈ ಐದು ಅಮೈನೋ ಆಮ್ಲಗಳೇ ಆರ್‌ಬಿಯ ಬೆನ್ನಿನ ಒಂದು ಸಂದಿಯಲ್ಲಿ ಹೋಗಿ ಕೂರುವುದು. ಪಿ53 ವಿಷಯದಲ್ಲೂ ಹೀಗೇ. ಟಿ ಆಂಟಿಜನ್ ಹಿಡಿಯುತ್ತದೆ, ಅಡಿನೋವೈರಸ್ಸಿನ ಇ1ಬಿ ಹಿಡಿಯುತ್ತದೆ, 1990ರಲ್ಲಿ ಎಚ್‌ಪಿವಿಯ ಇ6 ಕೂಡ ಹಿಡಿಯುತ್ತದೆ ಎಂದು ಗೊತ್ತಾಯಿತು.

ಒಂದಕ್ಕೊಂದು ಸಂಬಂಧವಿಲ್ಲದ ವೈರಸ್ಸುಗಳು ನಮ್ಮ ಸಾವಿರಾರು ಪ್ರೋಟೀನುಗಳಲ್ಲಿ ಇವೆರಡನ್ನೇ ಹುಡುಕಿಕೊಂಡು ಬರುತ್ತವೆ. ಕೋಶದಲ್ಲಿ ಯಾವುದು ಮುಖ್ಯ ಅಂತ ನಮಗಿಂತ ಮೊದಲು ಅವಕ್ಕೆ ಗೊತ್ತಿತ್ತು ಅನ್ನಬೇಕು.

ಆದರೆ ವೈರಸ್ಸಿಗೆ ಇದರಿಂದ ಏನು ಲಾಭ? ನಮಗೆ ಕ್ಯಾನ್ಸರ್ ಬಂದರೆ ಅದಕ್ಕೇನು ಸಿಗುತ್ತದೆ? ಏನೂ ಸಿಗುವುದಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಎಚ್‌ಪಿವಿ ಬಹಳ ಚಿಕ್ಕ ವೈರಸ್ಸು. ಅದರ ಡಿಎನ್ಎ ಸುಮಾರು 8,000 ಅಕ್ಷರ ಉದ್ದ, ಜೀನುಗಳು ಎಂಟರ ಆಸುಪಾಸು. ಡಿಎನ್ಎ ನಕಲು ಮಾಡುವ ಸಾಮಾನು ಅದರ ಹತ್ತಿರ ಬಹುಪಾಲು ಇಲ್ಲ. ನಮ್ಮ ಕೋಶದ್ದನ್ನೇ ಬಳಸಬೇಕು. ಚರ್ಮದಲ್ಲಿ ಅಥವಾ ಗರ್ಭಕೋಶದ ಬಾಯಿಯಲ್ಲಿ ಒಂದು ಸಣ್ಣ ಗೀರು ಆದರೆ ಸಾಕು, ಅದು ತಳದ ಪದರಕ್ಕೆ ಇಳಿದು ಸೇರಿಕೊಳ್ಳುತ್ತದೆ. ತಳದ ಕೋಶಗಳು ಎರಡಾಗುತ್ತಾ ಮೇಲಕ್ಕೆ ಸರಿಯುತ್ತವೆ. ಮೇಲೆ ಬಂದಂತೆ ಬೆಳೆಯುವುದು ನಿಲ್ಲಿಸುತ್ತವೆ, ಚಪ್ಪಟೆಯಾಗುತ್ತವೆ, ಕೊನೆಗೆ ಉದುರುತ್ತವೆ. ವೈರಸ್ಸು ತನ್ನ ಹೊಸ ಕಣಗಳನ್ನು ಕಟ್ಟುವುದು ಆ ಮೇಲಿನ ಪದರಗಳಲ್ಲೇ. ಉದುರುವ ಕೋಶದ ಜೊತೆ ತಾನೂ ಹೊರಗೆ ಹೋಗಿ ಇನ್ನೊಬ್ಬರನ್ನು ಸೇರಬಹುದಲ್ಲ. ಆದರೆ ಮೇಲಿನ ಕೋಶಗಳಲ್ಲಿ ನಕಲಿನ ಕೆಲಸ ನಿಂತುಹೋಗಿರುತ್ತದೆ. ಅಂಗಡಿ ಮುಚ್ಚಿರುತ್ತದೆ.

ಅದಕ್ಕೇ ಇ7. ಅದು ಆರ್‌ಬಿಯನ್ನು ಹಿಡಿದು ಇ2ಎಫ್ ಬಿಡುಗಡೆ ಮಾಡಿಸುತ್ತದೆ. ಬರೀ ಹಿಡಿದು ಬಿಡುವುದಿಲ್ಲ, ಆರ್‌ಬಿಯನ್ನು ಒಡೆಸಿಯೇ ಹಾಕುತ್ತದೆ. ನಿಂತಿದ್ದ ಕೋಶ ಮತ್ತೆ ಡಿಎನ್ಎ ನಕಲು ಶುರು ಮಾಡುತ್ತದೆ. ಈಗ ಪಿ53 ಏಳುತ್ತದೆ. ಹೊತ್ತಲ್ಲದ ಹೊತ್ತಲ್ಲಿ ನಕಲು ನಡೆದರೆ ಏಳುವುದೇ ಅದರ ಕೆಲಸ ತಾನೆ? ಅದು ಎದ್ದರೆ ಕೋಶ ಸಾಯುತ್ತದೆ, ವೈರಸ್ಸಿನ ಶ್ರಮ ವ್ಯರ್ಥ. ಆದ್ದರಿಂದ ಇ7 ಒಂದೇ ಸಾಲದು, ಇ6 ಬೇಕೇ ಬೇಕು. ಒಂದು ಆರ್‌ಬಿಯನ್ನು ತೆಗೆಯುತ್ತದೆ. ಅದರಿಂದ ಏಳುವ ಪಿ53 ಅನ್ನು ಇನ್ನೊಂದು ಮುಗಿಸುತ್ತದೆ. ಎರಡೂ ಸೇರಿಯೇ ಕೆಲಸ.

ಇ6 ಪಿ53 ಅನ್ನು ಮುಗಿಸುವ ರೀತಿ ವಿಚಿತ್ರವಾಗಿದೆ. ಇ6 ಸುಮಾರು 150 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು. ಅದಕ್ಕೆ ಕತ್ತರಿಸುವ ಶಕ್ತಿ ಇಲ್ಲ. ನಮ್ಮ ಕೋಶಗಳಲ್ಲಿ ಬೇಡವಾದ ಪ್ರೋಟೀನುಗಳನ್ನು ಒಡೆದುಹಾಕುವ ಒಂದು ವ್ಯವಸ್ಥೆ ಇದೆ. ಒಡೆಯಬೇಕಾದ್ದಕ್ಕೆ ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನನ್ನು ಅಂಟಿಸುತ್ತಾರೆ. ರಸ್ತೆ ಅಗಲ ಮಾಡುವಾಗ ಕಡಿಯಬೇಕಾದ ಮರಕ್ಕೆ ಬಣ್ಣ ಬಳಿದು ನಂಬರ್ ಬರೆಯುತ್ತಾರಲ್ಲ, ಹಾಗೆ. ಗುರುತು ಬಿದ್ದ ಮೇಲೆ ಕಡಿಯುವವರು ಯಾಕೆ ಏನು ಅಂತ ಕೇಳುವುದಿಲ್ಲ. ಗುರುತು ಹಾಕುವವರಲ್ಲಿ ಒಬ್ಬನ ಹೆಸರು ಇ6ಎಪಿ. ಅವನು ನಮ್ಮವನೇ, ಅವನಿಗೆ ಪಿ53 ತಂಟೆ ಇಲ್ಲ. ವೈರಸ್ಸಿನ ಇ6 ಅವನ ಕೈ ಹಿಡಿದು ಕರೆತಂದು ಪಿ53 ಮುಂದೆ ನಿಲ್ಲಿಸುತ್ತದೆ. ಅವನು ಗುರುತು ಹಾಕುತ್ತಾನೆ. ಮುಂದಿನದು ತಾನಾಗಿ ನಡೆಯುತ್ತದೆ. ಪೀಟರ್ ಹೌಲಿ ಅವರ ಲ್ಯಾಬಿನಲ್ಲಿ ಮಾರ್ಟಿನ್ ಶೆಫ್ನರ್ ಮತ್ತು ಜೊತೆಯವರು 1990ರಿಂದ 1993ರ ನಡುವೆ ಈ ದಾರಿಯನ್ನು ಒಂದೊಂದೇ ಹೆಜ್ಜೆ ಬಿಡಿಸಿದರು. ಕೋಶ ತನ್ನದೇ ಸಾಮಾನಿನಿಂದ ತನ್ನ ರಕ್ಷಣೆಯನ್ನು ಕಳೆದುಕೊಳ್ಳುವುದನ್ನು ಓದುವಾಗ ನನಗೆ ನಿಜಕ್ಕೂ ಹೊಟ್ಟೆಯಲ್ಲಿ ಸಂಕಟವಾಯಿತು.

ಹೀಗಿದ್ದರೂ ಎಚ್‌ಪಿವಿ ತಗುಲಿದ ಬಹುಪಾಲು ಹೆಂಗಸರಿಗೆ ಏನೂ ಆಗುವುದಿಲ್ಲ. ಒಂದೆರಡು ವರ್ಷದಲ್ಲಿ ಮೈಯೇ ಅದನ್ನು ಓಡಿಸಿಬಿಡುತ್ತದೆ. ವೈರಸ್ಸಿನ ಒಳಗೇ ಇ2 ಎಂಬ ಇನ್ನೊಂದು ಜೀನು ಇದೆ. ಅದು ಇ6, ಇ7 ಮಿತಿಮೀರಿ ತಯಾರಾಗದ ಹಾಗೆ ನೋಡಿಕೊಳ್ಳುತ್ತದೆ. ಕ್ಯಾನ್ಸರ್ ಆಗುವ ಕೋಶಗಳಲ್ಲಿ ನಡೆಯುವುದು ಒಂದು ಅವಘಡ. ಸೋಂಕು ವರ್ಷಗಟ್ಟಲೆ ಹೋಗದೆ ಉಳಿದಾಗ, ಉಂಗುರದ ಹಾಗಿದ್ದ ವೈರಸ್ಸಿನ ಡಿಎನ್ಎ ತುಂಡಾಗಿ ನಮ್ಮ ಕ್ರೋಮೊಸೋಮಿನೊಳಗೆ ಸೇರಿಕೊಂಡುಬಿಡಬಹುದು. ಹಾಗೆ ತುಂಡಾಗುವಾಗ ಎಷ್ಟೋ ಸಲ ಇ2 ಹಾಳಾಗುತ್ತದೆ. ಇ6, ಇ7 ಉಳಿಯುತ್ತವೆ, ಹೇಳುವವರು ಕೇಳುವವರು ಇಲ್ಲದೆ. ಹೀಲಾದಲ್ಲಿ ಆಗಿರುವುದು ಇದೇ. ಹರಾಲ್ಡ್ ಸುರ್ ಹೌಸನ್ ಅವರ ಲ್ಯಾಬು 1983ರಲ್ಲಿ ಎಚ್‌ಪಿವಿ 16 ಎಂಬ ಬಗೆಯನ್ನು, ಮರುವರ್ಷ ಎಚ್‌ಪಿವಿ 18 ಎಂಬ ಬಗೆಯನ್ನು ಕಂಡುಹಿಡಿದಾಗ, ಹೀಲಾ ಕೋಶಗಳ ಒಳಗೂ 18 ಕೂತಿರುವುದು ಕಂಡಿತು. ಅದಕ್ಕೂ ಮೊದಲು ಈ ಕ್ಯಾನ್ಸರಿಗೆ ಹರ್ಪಿಸ್ ಜಾತಿಯ ವೈರಸ್ಸು ಕಾರಣ ಅಂತ ಬಹಳ ಜನ ನಂಬಿದ್ದರು. ಸುರ್ ಹೌಸನ್ ಒಪ್ಪದೆ ಎಚ್‌ಪಿವಿಯನ್ನೇ ಹುಡುಕಿದರು. 2008ರಲ್ಲಿ ನೊಬೆಲ್ ಬಂತು.

ಕ್ರೋಮೊಸೋಮಿನಲ್ಲಿ ಹೂತುಹೋದ ಈ ತುಂಡಿನಿಂದ ಹೊಸ ವೈರಸ್ಸು ಹುಟ್ಟುವುದಿಲ್ಲ. ವೈರಸ್ಸಿನ ವಂಶ ಆ ಕೋಶದಲ್ಲಿ ಮುಗಿಯಿತು. ಉಳಿದಿದ್ದು ಎರಡು ಪ್ರೋಟೀನು ಮಾತ್ರ, ಯಾರಿಗೂ ಉಪಯೋಗವಿಲ್ಲದ ಕೆಲಸವನ್ನು ಮಾಡುತ್ತಲೇ ಇರುವಂಥವು. ಪಿ53 ಇಲ್ಲದ ಕೋಶದಲ್ಲಿ ಪೆಟ್ಟುಗಳು ರಿಪೇರಿಯಾಗದೆ ಸೇರುತ್ತಾ ಹೋಗುತ್ತವೆ. ಇ6 ಜೊತೆಗೆ ಕ್ರೋಮೊಸೋಮಿನ ತುದಿ ಸವೆಯದಂತೆ ಕಾಯುವ ಟೆಲೊಮರೇಸ್ ಅನ್ನೂ ಚಾಲೂ ಮಾಡುತ್ತದೆ, ಕೋಶಕ್ಕೆ ಮುಪ್ಪು ಬರುವುದಿಲ್ಲ. ಸೋಂಕಿನಿಂದ ಗಡ್ಡೆಯವರೆಗೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ.

1991ರಲ್ಲಿ ಶೆಫ್ನರ್, ಹೌಲಿ ಮತ್ತು ಜೊತೆಯವರು ಗರ್ಭಕೋಶದ ಬಾಯಿಯ ಕ್ಯಾನ್ಸರಿನಿಂದ ಬಂದ ಕೋಶಗಳನ್ನು ಸಾಲಾಗಿ ಪರೀಕ್ಷಿಸಿದರು. ಎಚ್‌ಪಿವಿ ಇದ್ದ ಕೋಶಗಳಲ್ಲಿ ಪಿ53, ಆರ್‌ಬಿ ಎರಡೂ ನೆಟ್ಟಗಿದ್ದವು. ಎಚ್‌ಪಿವಿ ಇಲ್ಲದ ಎರಡು ಬಗೆಯ ಕೋಶಗಳಿದ್ದವು. ಅವೆರಡರಲ್ಲೂ ಪಿ53 ಮತ್ತು ಆರ್‌ಬಿ ಜೀನುಗಳೇ ಕೆಟ್ಟಿದ್ದವು. ನಾನು ಓದಿದ್ದರಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಇನ್ನೊಂದಿಲ್ಲ. ಗಡ್ಡೆ ಬೆಳೆಯಬೇಕಾದರೆ ಈ ಎರಡು ಪ್ರೋಟೀನು ಹೋಗಲೇಬೇಕು. ಜೀನು ಕೆಟ್ಟು ಹೋಗಬಹುದು, ಇಲ್ಲಾ ವೈರಸ್ಸು ತೆಗೆದುಹಾಕಬಹುದು. ವೈರಸ್ಸೇ ಮಾಡುತ್ತಿದ್ದರೆ ಜೀನು ಕೆಡುವ ಅಗತ್ಯವೇ ಇಲ್ಲ.

ಹಾಗಾದರೆ ವೈರಸ್ಸಿನ ಪ್ರೋಟೀನುಗಳನ್ನು ನಿಲ್ಲಿಸಿದರೆ?

ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಗುಡ್‌ವಿನ್ ಮತ್ತು ಡೇನಿಯಲ್ ಡಿಮಾಯೊ ಇದನ್ನು ಮಾಡಿ ನೋಡಿದರು. ಹೀಲಾ ಕಳೆದುಕೊಂಡಿದ್ದ ಇ2 ಅನ್ನು ಹೊರಗಿನಿಂದ ಕೊಟ್ಟರು. ಅವರು ಬಳಸಿದ್ದು ದನಗಳ ಪ್ಯಾಪಿಲೋಮಾ ವೈರಸ್ಸಿನ ಇ2. ಇ6, ಇ7 ತಯಾರಾಗುವುದು ನಿಂತಿತು. ಪಿ53 ಏರಿತು. ಆರ್‌ಬಿ ಮತ್ತೆ ಕೆಲಸಕ್ಕೆ ಬಂತು. ಅರ್ಧ ಶತಮಾನ ನಿಲ್ಲದೆ ಬೆಳೆದಿದ್ದ ಕೋಶಗಳು ಕೆಲವೇ ದಿನಗಳಲ್ಲಿ ಎರಡಾಗುವುದು ಬಿಟ್ಟು, ದೊಡ್ಡದಾಗಿ ಚಪ್ಪಟೆಯಾಗಿ ಮುಪ್ಪಾದವು. 2000ದಲ್ಲಿ ಇದು ಪ್ರಕಟವಾಯಿತು. ಅಷ್ಟು ವರ್ಷ, ಅಷ್ಟು ಸಾವಿರ ತಲೆಮಾರು ಕೋಶಗಳು ಕಳೆದ ಮೇಲೂ ಆ ಎರಡು ಪ್ರೋಟೀನುಗಳು ಎಲ್ಲಿ ನಿಲ್ಲಿಸಿದ್ದವೋ ಅಲ್ಲಿಂದಲೇ ಕೆಲಸ ಹಿಡಿದವು. ಈ ಪೇಪರ್ ಓದಿದ ರಾತ್ರಿ ನನಗೆ ಬೇರೆ ಏನೂ ಓದಲು ಮನಸ್ಸಾಗಲಿಲ್ಲ.

ಇದನ್ನು ಔಷಧಿಯಾಗಿ ಮಾಡುವ ಪ್ರಯತ್ನ ನಡೆಯುತ್ತಿದೆ. ಇ6, ಇ6ಎಪಿ, ಪಿ53 ಮೂರೂ ಸೇರಿ ಹೇಗೆ ಕೂರುತ್ತವೆ ಎಂಬ ಚಿತ್ರವನ್ನು ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನ ಗುಂಪೊಂದು 2016ರಲ್ಲಿ ಪ್ರಕಟಿಸಿತು. ಇ6ರಲ್ಲಿ ಒಂದು ಗುಳಿ ಇದೆ. ಇ6ಎಪಿ ಕೂರುವುದು ಅಲ್ಲಿ. ಅದು ಕೂತ ಮೇಲೇ ಪಿ53 ಹಿಡಿಯಲು ಜಾಗ ತಯಾರಾಗುತ್ತದೆ. ಆ ಗುಳಿಯನ್ನು ಮೊದಲೇ ತುಂಬಿಬಿಡುವ ಅಣು ಸಿಕ್ಕರೆ ಸಾಕು, ಪಿ53 ಅನ್ನು ಹೊರಗಿನಿಂದ ಕೊಡಬೇಕಾಗಿಲ್ಲ, ಅದು ಅಲ್ಲೇ ಇದೆ. ಆಸ್ಪತ್ರೆಯ ಕಪಾಟಿಗೆ ಅಂಥದ್ದು ಇನ್ನೂ ಬಂದಿಲ್ಲ.

ನನ್ನ ಮೇಜಿನ ಮೇಲೆ ಈ ಎಲ್ಲ ಕಥೆ ಒಂದು ಬಣ್ಣವಾಗಿ ಕಾಣುತ್ತದೆ. ಪಿ16 ಅಂತ ಒಂದು ಸ್ಟೇನ್ ಇದೆ. ಪಿ16 ಕೂಡ ಕೋಶ ಬೆಳೆಯುವುದನ್ನು ತಡೆಯುವ ನಮ್ಮದೇ ಪ್ರೋಟೀನು, ಆದರೆ ಅದು ಆರ್‌ಬಿಯ ಮೂಲಕ ಕೆಲಸ ಮಾಡುತ್ತದೆ. ಆರ್‌ಬಿಯನ್ನು ಇ7 ತೆಗೆದುಹಾಕಿದ ಮೇಲೆ ಕೋಶದಲ್ಲಿ ಪಿ16 ರಾಶಿ ರಾಶಿ ಸೇರುತ್ತದೆ. ತಡೆಯಬೇಕು ಅಂತ ಬರುತ್ತಲೇ ಇರುತ್ತದೆ, ಯಾವುದರ ಮೂಲಕ ತಡೆಯಬೇಕೋ ಅದೇ ಇಲ್ಲ. ಸ್ಲೈಡಿಗೆ ಆಂಟಿಬಾಡಿ ಹಾಕಿ, ತೊಳೆದು, ಡಿಎಬಿ ಎಂಬ ಬಣ್ಣ ಬರಿಸುವ ರಾಸಾಯನಿಕ ಹಾಕಿದರೆ ಪಿ16 ಇರುವ ಕಡೆ ಕಂದು ಬಣ್ಣ ಏಳುತ್ತದೆ. ಆರೋಗ್ಯವಂತ ಭಾಗ ಹೆಮಟಾಕ್ಸಿಲಿನ್‌ನ ತಿಳಿ ನೀಲಿಯಲ್ಲೇ ಉಳಿಯುತ್ತದೆ. ಎಚ್‌ಪಿವಿ ಹಿಡಿದ ಭಾಗ ಗಟ್ಟಿ ಕಂದು, ಒಂದು ಕೋಶವೂ ಬಿಡದೆ, ತಳದಿಂದ ಮೇಲಕ್ಕೆ. ಡಾಕ್ಟರು ಅದನ್ನು 'ಬ್ಲಾಕ್ ಪಾಸಿಟಿವ್' ಅಂತ ಬರೆಯುತ್ತಾರೆ. ನೀಲಿ ಮುಗಿದು ಕಂದು ಶುರುವಾಗುವ ಗಡಿ ಕೆಲವು ಸ್ಲೈಡುಗಳಲ್ಲಿ ಎಷ್ಟು ನೇರವಾಗಿರುತ್ತದೆ ಅಂದರೆ ಮೈಕ್ರೋಸ್ಕೋಪು ಬೇಡ, ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಕಾಣುತ್ತದೆ.

ನಮ್ಮ ಕಡೆ ಬಾಯಿಯ ಕ್ಯಾನ್ಸರ್ ಕೂಡ ಜಾಸ್ತಿ. ಹೊಗೆಸೊಪ್ಪು, ಗುಟ್ಕಾ, ಅಡಿಕೆ. ಅಲ್ಲಿ ಕಥೆ ಬೇರೆ. ತಂಬಾಕಿನ ವಿಷ ನೇರವಾಗಿ ಡಿಎನ್ಎಗೆ ಹೊಡೆಯುತ್ತದೆ. ಆ ಗಡ್ಡೆಗಳಲ್ಲಿ ಬಹುಪಾಲು ಪಿ53 ಜೀನೇ ಕೆಟ್ಟಿರುತ್ತದೆ. ಗಂಟಲಿನ ಹಿಂಭಾಗದಲ್ಲಿ ಎಚ್‌ಪಿವಿ 16ರಿಂದ ಬರುವ ಗಡ್ಡೆಗಳಲ್ಲಿ ಪಿ53 ಜೀನು ಸಾಮಾನ್ಯವಾಗಿ ಸರಿ ಇರುತ್ತದೆ. ಅಂಥ ರೋಗಿಗಳು ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತಾರೆ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ನಾನು ಲ್ಯಾಬಿನಲ್ಲಿದ್ದೇನೆ ಅಂತ ಗೊತ್ತಿರುವ ಹೆಂಗಸರು ಮದುವೆ ಮನೆಯಲ್ಲೋ ನಾಮಕರಣದಲ್ಲೋ ಪಕ್ಕಕ್ಕೆ ಕರೆದು ಕೇಳುತ್ತಾರೆ. ನಮ್ಮ ಅತ್ತಿಗೆಯೊಬ್ಬರು ಕೇಳಿದ್ದು ಹೀಗೆ: "ನಮ್ಮಮ್ಮಂಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇತ್ತಲ್ಲ, ನಂಗೂ ಬರತ್ತಾ? ನನ್ ಮಗಳಿಗೆ? ರಕ್ತದಲ್ಲೇ ಇದ್ಯಾ ಅದು?" ಅವರ ಧ್ವನಿಯಲ್ಲಿ ಹೆದರಿಕೆಗಿಂತ ಜಾಸ್ತಿ ಇದ್ದದ್ದು ತಪ್ಪಿತಸ್ಥರ ಭಾವ. ಮಗಳಿಗೆ ಏನೋ ಕೆಟ್ಟದ್ದು ದಾಟಿಸಿಬಿಟ್ಟೆ ಅನ್ನುವ ಹಾಗೆ. ನಾನು ಹೇಳಿದೆ, "ಇಲ್ಲ ಅತ್ತಿಗೆ. ನಿಮ್ಮಮ್ಮನ ಜೀನು ಕೆಟ್ಟು ಬಂದ ಕಾಯಿಲೆ ಅಲ್ಲ ಇದು. ಅವರ ಮೈ ಅದನ್ನ ತಡೆಯೋಕೆ ಕಡೇತನಕ ನೋಡ್ತಾನೇ ಇತ್ತು. ಒಂದು ವೈರಸ್ಸು ಬಿಡಲಿಲ್ಲ." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ವೈರಸ್ಸು ಅಂದ್ರೆ... ಹೆಂಗೆ ಬರತ್ತೆ?" ಅಂದರು.

ಕಷ್ಟದ ಪ್ರಶ್ನೆ ಇದು. ಎಚ್‌ಪಿವಿ ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಬರುತ್ತದೆ. ಹಾಗೆ ಹೇಳಿದ ತಕ್ಷಣ ನಮ್ಮಲ್ಲಿ ಮಾತು ನಡತೆಯ ಕಡೆ ತಿರುಗಿಬಿಡುತ್ತದೆ. ಸತ್ತವಳ ನಡತೆ, ಹೆಂಗಸಿನ ನಡತೆ. ಇದು ನನಗೆ ತುಂಬಾ ಸಿಟ್ಟು ತರಿಸುತ್ತದೆ. ಸಂಸಾರ ಮಾಡುವ ಬಹುಪಾಲು ಹೆಂಗಸರು ಗಂಡಸರಿಗೆ ಜೀವನದಲ್ಲಿ ಒಂದಲ್ಲ ಒಂದು ಸಲ ಈ ವೈರಸ್ಸು ತಗುಲಿ ಹೋಗಿರುತ್ತದೆ. ಅಷ್ಟು ಸಾಮಾನ್ಯ ಅದು. ಬದುಕಿಡೀ ಒಬ್ಬನೇ ಗಂಡನ ಜೊತೆ ಬಾಳಿದವಳಿಗೂ ಬರಬಹುದು. ಕೆಲವರಲ್ಲಿ ಅದು ಹೋಗದೆ ಉಳಿಯುತ್ತದೆ. ಉಳಿದವರಲ್ಲಿ ಕೆಲವರಿಗೆ ಆ ಡಿಎನ್ಎ ತುಂಡಾಗುವ ಅವಘಡ ಆಗುತ್ತದೆ. ಇದರಲ್ಲಿ ನಡತೆ ಎಲ್ಲಿಂದ ಬಂತು? ಈ ನಾಚಿಕೆಯಿಂದಲೇ ಹೆಂಗಸರು ಬಿಳಿ ಸೆರಗಿನ ಮಾತು ಎತ್ತುವುದಿಲ್ಲ, ರಕ್ತ ಕಂಡರೂ ಬಾಯಿ ಬಿಡುವುದಿಲ್ಲ. ನಮ್ಮ ಲ್ಯಾಬಿಗೆ ಚೂರು ಬರುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ, 75 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ.

ಇಪ್ಪತ್ತು ವರ್ಷ ತೆಗೆದುಕೊಳ್ಳುವ ಕಾಯಿಲೆಯನ್ನು ನಡುವೆ ಹಿಡಿಯಬಹುದು. ಅದಕ್ಕೆ ದೊಡ್ಡ ಸಾಕ್ಷಿ ನಮ್ಮ ಪಕ್ಕದಲ್ಲೇ ಸಿಕ್ಕಿದೆ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ್) ಜಿಲ್ಲೆ, ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡ ಸೀಮೆ. ಅಲ್ಲಿನ ಹಳ್ಳಿಗಳ 30ರಿಂದ 59 ವರ್ಷದ 1,31,746 ಹೆಂಗಸರು ಆರ್. ಶಂಕರನಾರಾಯಣನ್ ಮತ್ತು ಜೊತೆಯವರು ನಡೆಸಿದ ಅಧ್ಯಯನದಲ್ಲಿ ಸೇರಿದ್ದರು. 2009ರಲ್ಲಿ ಫಲಿತಾಂಶ ಬಂತು. ಎಚ್‌ಪಿವಿ ಪರೀಕ್ಷೆಯನ್ನು ಜೀವನದಲ್ಲಿ ಒಂದೇ ಒಂದು ಸಲ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಎಂಟು ವರ್ಷದಲ್ಲಿ ಈ ಕ್ಯಾನ್ಸರಿನ ಸಾವು ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. ಒಂದೇ ಸಲ! ಹೊಲಗದ್ದೆಯ ಕೆಲಸ ಬಿಟ್ಟು ಬಂದು ಪರೀಕ್ಷೆ ಮಾಡಿಸಿಕೊಂಡ ಆ ಹಳ್ಳಿಯ ಹೆಂಗಸರಿಂದ ಇಡೀ ಜಗತ್ತು ಕಲಿತಿದೆ.

ಲಸಿಕೆಯ ಕಥೆಯಲ್ಲೂ ನಮ್ಮ ಹುಡುಗಿಯರಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಜಿಯಾನ್ ಝೌ ಮತ್ತು ಇಯಾನ್ ಫ್ರೇಜರ್ 1991ರಲ್ಲಿ ವೈರಸ್ಸಿನ ಹೊರಕವಚದ ಪ್ರೋಟೀನು ತಾನಾಗಿಯೇ ಚೆಂಡಿನ ಆಕಾರಕ್ಕೆ ಕೂಡಿಕೊಳ್ಳುವುದನ್ನು ತೋರಿಸಿದರು. ಲಸಿಕೆಯಲ್ಲಿರುವುದು ಆ ಖಾಲಿ ಕವಚ ಮಾತ್ರ. ಒಳಗೆ ಡಿಎನ್ಎ ಇಲ್ಲ. ಇ6 ಇಲ್ಲ, ಇ7 ಇಲ್ಲ. ಲಸಿಕೆಯಿಂದಲೇ ಕ್ಯಾನ್ಸರ್ ಬಂದರೆ ಅಂತ ಹೆದರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. 2009ರಲ್ಲಿ ಭಾರತದಲ್ಲಿ ಎರಡು ಡೋಸ್ ಸಾಕಾ ಮೂರು ಬೇಕಾ ಎಂದು ನೋಡುವ ಅಧ್ಯಯನ ಶುರುವಾಯಿತು. 2010ರಲ್ಲಿ ಸರ್ಕಾರ ಇಂಥ ಅಧ್ಯಯನಗಳಲ್ಲಿ ಲಸಿಕೆ ಕೊಡುವುದನ್ನು ನಿಲ್ಲಿಸಿತು. ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಅಧ್ಯಯನದವರು ಅವರನ್ನು ಬಿಡಲಿಲ್ಲ, ವರ್ಷ ವರ್ಷ ನೋಡುತ್ತಾ ಬಂದರು. ಹತ್ತು ವರ್ಷದ ಮೇಲೂ 16, 18ರ ಉಳಿಯುವ ಸೋಂಕಿನಿಂದ ಒಂದು ಡೋಸ್ ಕೂಡ ಎರಡು ಮೂರು ಡೋಸಿನಷ್ಟೇ ಕಾಪಾಡುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದು ಡೋಸ್ ಸಾಕು ಎಂದು ಒಪ್ಪಿಕೊಂಡದ್ದರ ಹಿಂದೆ ಈ ಲೆಕ್ಕವೂ ಇದೆ. ಸ್ಕಾಟ್ಲೆಂಡಿನಲ್ಲಿ 12-13ನೇ ವಯಸ್ಸಿಗೆ ಲಸಿಕೆ ಪಡೆದ ಹುಡುಗಿಯರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿಲ್ಲ ಎಂಬ ವರದಿ 2024ರಲ್ಲಿ ಬಂದಿದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ಬಂದ ಮೇಲೆ ನಮ್ಮಲ್ಲೇ ತಯಾರಾದ ಲಸಿಕೆಯೂ ಸಿಗುತ್ತಿದೆ.

ಲಸಿಕೆ ಹೊಸ ಸೋಂಕನ್ನು ತಡೆಯುತ್ತದೆ. ಆಗಲೇ ಕೋಶದೊಳಗೆ ಸೇರಿರುವ ಇ6, ಇ7 ಅನ್ನು ಅದು ಮುಟ್ಟಲಾರದು. ಹಾಗಾಗಿ ಮಗಳಿಗೆ ಲಸಿಕೆ, ಅಮ್ಮನಿಗೆ ಪರೀಕ್ಷೆ. ಅತ್ತಿಗೆಗೆ ಇಷ್ಟು ಹೇಳಿದೆ. ಅವರ ಮಗಳಿಗೆ ಹನ್ನೆರಡು ವರ್ಷ, 9ರಿಂದ 14ರೊಳಗೆ ಕೊಡಿಸುವುದು ಒಳ್ಳೆಯದು ಎಂದೂ ಹೇಳಿದೆ. "ಪರೀಕ್ಷೆಗೆ ನೋವಾಗತ್ತಾ?" ಅಂತ ಕೇಳಿದರು. ಹತ್ತಿ ಕಡ್ಡಿಯಂಥ ಒಂದು ಪುಟ್ಟ ಬ್ರಷ್ಷು, ಎರಡು ನಿಮಿಷದ ಕೆಲಸ, ಸ್ವಲ್ಪ ಕಿರಿಕಿರಿ ಅಷ್ಟೆ ಅಂದೆ. ಇಬ್ಬರೂ ಒಂದೇ ದಿನ ಹೋಗಿ ಬರಬಹುದು.